ನಾನು ಕತ್ತರಿಸಿದ ಎಡಬದಿ

ಗಿರಿಜಕ್ಕ ಮದುಮಗಳನ್ನು ನೂಕಿದ್ದು ಅವಳನ್ನು ಉಳಿಸಲಿಕ್ಕೆ. ಅವಳ ತಲೆಯ ಮೇಲೆ ಬೀಳಲಿದ್ದದ್ದು ನನ್ನ ಲೈಟು. ಇವೆರಡೂ ನನಗೆ ಆ ಕ್ಷಣದಲ್ಲೇ ಗೊತ್ತಿದ್ದವು — ಗೊತ್ತಿದ್ದೂ ಅಲ್ಲಿ ಸುಳ್ಳು ಹೇಳಿದೆ, ಆಮೇಲೆ ಆ ಸುಳ್ಳಿಗೆ ಹೊಂದುವ ಹಾಗೆ ಒಂದು ವಿಡಿಯೋ ಕತ್ತರಿಸಿ ಊರಿಗೆಲ್ಲ ಹಂಚಿದೆ. ಐದು ವರ್ಷ ಬಾಯಿ ಬಿಡಲಿಲ್ಲ. ಈಗ ಹೇಳುತ್ತಿದ್ದೇನೆ; ಕೇಳಬೇಕಾಗಿದ್ದವರು ಇಲ್ಲ.

ಅಂಕೋಲೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ, ಗೃಹಪ್ರವೇಶ, ಶಾಲೆಯ ಕಾರ್ಯಕ್ರಮ — ಕರೆದಲ್ಲಿಗೆ ಕ್ಯಾಮೆರಾ ಹೊತ್ತುಕೊಂಡು ಹೋಗುವವನು. ಸ್ಟುಡಿಯೋ ಶುರು ಮಾಡಿದ ಹೊಸತರಲ್ಲಿ ನನ್ನನ್ನು ಕರೆಯುವವರೇ ಇರಲಿಲ್ಲ. ಹಟ್ಟಿಕೇರಿಯ ಗಿರಿಜಕ್ಕ ಅಲ್ಲಿಯ ಮದುವೆಮನೆಗಳಲ್ಲಿ ಮದುಮಗಳಿಗೆ ಜಡೆ ಹೆಣೆದು, ಅಬ್ಬಲಿಗೆ ಹೂವಿನ ದಂಡೆ ಮುಡಿಸುತ್ತಿದ್ದರು. ಹೋದ ಮನೆಯಲ್ಲೆಲ್ಲ, "ಬಾಳೆಗುಳಿ ಊರ ಹುಡ್ಗ ಒಬ್ಬ ಇದ್ದ, ಪಾಪದವ, ಅವ್ನಿಗೇ ಹೇಳಿ" ಎಂದು ನನ್ನ ಹೆಸರು ಹೇಳಿದರು. ನಾನು ಕೇಳಿಕೊಂಡಿರಲಿಲ್ಲ. ಅವರಾಗಿಯೇ ಹೇಳಿದ್ದು.

ಅವರ ಗಂಡ ಕದ್ರಾದಲ್ಲಿ ನೌಕರಿಯಲ್ಲಿದ್ದವರು, ಬೇಗ ತೀರಿಕೊಂಡರು. ಮಕ್ಕಳಿಲ್ಲ. ಮೈದುನನ ಮಗಳು ಶಾಲಿನಿ ತಾಯಿಯಿಲ್ಲದ ಕೂಸು. ಅವಳನ್ನು ಎತ್ತಿ ಆಡಿಸಿ ದೊಡ್ಡದು ಮಾಡಿದ್ದು ಗಿರಿಜಕ್ಕನೇ. ಶಾಲಿನಿ ಅವರನ್ನು ದೊಡ್ಡಾಯಿ ಎನ್ನುತ್ತಿದ್ದಳು. ಅವಳಿಗೆ ಕಾರವಾರದಲ್ಲಿ ಸಂಬಂಧ ಕೂಡಿಬಂದಾಗ, ಫೋನ್ ಮಾಡಿ ನನ್ನನ್ನು ಕರೆದದ್ದೂ ಅವರೇ.

ಮದುವೆಯ ದಿನ ಚಪ್ಪರದ ಎಡಮೂಲೆಯಲ್ಲಿ ದೊಡ್ಡ ಲೈಟು ನಿಲ್ಲಿಸಿದ್ದೆ. ಆಳೆತ್ತರ ಮೀರಿದ ಸ್ಟ್ಯಾಂಡು. ಅದರ ಕಾಲಿಗೆ ಮರಳಿನ ಚೀಲ ಇಡಬೇಕು. ಚೀಲ ಗಾಡಿಯಲ್ಲೇ ಉಳಿದಿತ್ತು, ತರಲು ಬೇಸರವಾಯಿತು — ಅಷ್ಟೇ, ಬೇರೆ ಕಾರಣವಿಲ್ಲ. ಆರತಿಗೆ ಎಲ್ಲರೂ ಎದ್ದು ನಿಂತಾಗ ನಾನು ಹಿಂದೆ ಸರಿದೆ, ವಯರು ಕಾಲಿಗೆ ಸಿಕ್ಕಿತು, ಸ್ಟ್ಯಾಂಡು ಮದುಮಗಳತ್ತ ವಾಲಿತು. ಅತ್ತ ಮುಖ ಮಾಡಿದ್ದವರು ಗಿರಿಜಕ್ಕ ಒಬ್ಬರೇ. ಚೀರಿ, ಎರಡೂ ಕೈಯಿಂದ ಶಾಲಿನಿಯನ್ನು ನೂಕಿದರು. ಅವರ ಕಣ್ಣು ಶಾಲಿನಿಯ ಮೇಲಿದ್ದ ಅಷ್ಟರಲ್ಲೇ ನಾನು ಸ್ಟ್ಯಾಂಡು ಹಿಡಿದು ನೆಟ್ಟಗೆ ಮಾಡಿದ್ದೆ. ಚೀರಿದ್ದು ಕೇಳಿ ಜನ ತಿರುಗಿದಾಗ ಕಂಡದ್ದು ಇಷ್ಟೇ — ನೆಲಕ್ಕೆ ಬಿದ್ದ ಮದುಮಗಳು, ಒಡೆದ ಬಳೆ, ಮೇಲೆ ಕೈಚಾಚಿ ನಿಂತ ವಿಧವೆ.

"ಲೈಟು ಬೀಳ್ತಿತ್ತು... ಲೈಟು..." ಎಂದರು ಗಿರಿಜಕ್ಕ.

ಗಂಡಿನ ಕಡೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಎಂತ ತಮಾ, ಲೈಟು ಬೀಳ್ತಿತ್ತೇನಾ?"

"ಇಲ್ಲ. ಲೈಟು ಇಲ್ಲೇ ಅದೆ ನೋಡಿ" ಎಂದೆ ನಾನು.

ಅಲ್ಲಿಗೇ ನಿಲ್ಲಿಸಿದ್ದರೂ — ಇಲ್ಲ, ಅಲ್ಲಿಗೇ ನಿಲ್ಲಿಸಿದ್ದರೂ ತಪ್ಪು ತಪ್ಪೇ. ಆದರೆ ನಾನು ನಿಲ್ಲಿಸಲಿಲ್ಲ.

ಆಗ ಪ್ರತಿ ಮದುವೆಯಿಂದ ಒಂದೆರಡು ರೀಲ್ ಮಾಡಿ ಸ್ಟುಡಿಯೋದ ಪೇಜಿಗೆ ಹಾಕುತ್ತಿದ್ದೆ. ಮದುವೆಯನ್ನು ನಾವು ಅಡ್ಡಡ್ಡ ಚಿತ್ರೀಕರಿಸುತ್ತೇವೆ. ಫೋನಿಗೆ ಬೇಕಾದದ್ದು ಉದ್ದುದ್ದ. ಎರಡೂ ಬದಿ ಕತ್ತರಿಸಿ ನಡುವಿನ ಪಟ್ಟಿಯೊಂದನ್ನು ಉಳಿಸಿಕೊಳ್ಳಬೇಕು. ಗಂಡಿನ ಗೆಳೆಯರು "ಆ ನೂಕಿದ್ದು ಹಾಕಿ, ಮಜಾ ಇರ್ತದೆ" ಎಂದು ಬೆನ್ನುಹತ್ತಿದ್ದರು. ಮೂಲೆಯಲ್ಲಿ ಸುಮ್ಮನೆ ಓಡುತ್ತಿದ್ದ ಎರಡನೇ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು — ನನ್ನ ಕಾಲು, ವಯರು, ವಾಲುವ ಲೈಟು, ಗಿರಿಜಕ್ಕನ ಕಣ್ಣಿನ ಗಾಬರಿ.

ಸಾಫ್ಟ್‌ವೇರು ಚಲನೆ ಇದ್ದ ಕಡೆಗೆ ಚೌಕಟ್ಟನ್ನು ತಾನೇ ಒಯ್ಯುತ್ತದೆ. ಅದು ಎಡಕ್ಕೆ ಹೋಗಿ ಲೈಟನ್ನು ಒಳಗೆ ತೆಗೆದುಕೊಂಡಿತ್ತು. ಯಂತ್ರ ಸತ್ಯವನ್ನೇ ಹಿಡಿದಿತ್ತು. ನಾನು ಮೌಸ್ ಹಿಡಿದು ಚೌಕಟ್ಟನ್ನು ಬಲಕ್ಕೆ ಎಳೆದೆ. ಲೈಟಿನ ಅಂಚು ಇನ್ನೂ ಕಾಣುತ್ತಿತ್ತು, ಮತ್ತಷ್ಟು ಎಳೆದೆ. ನೂಕುವುದನ್ನು ನಿಧಾನಗೊಳಿಸಿ ಎರಡು ಸಲ ತೋರಿಸಿದೆ, ನಗೆಯ ಸದ್ದು ಸೇರಿಸಿದೆ, ಎಕ್ಸ್‌ಪೋರ್ಟ್ ಒತ್ತಿದೆ. ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿ ಪರದೆಯ ಮೇಲೆ ನಿಧಾನವಾಗಿ ತುಂಬುತ್ತಿತ್ತು. ರದ್ದು ಮಾಡುವ ಗುಂಡಿ ಕಣ್ಣೆದುರಿಗೇ ಇತ್ತು. ಚಹಾ ಕುಡಿಯುತ್ತ ಕೂತಿದ್ದೆ.

ಆ ವಿಡಿಯೋ ಹಿಂದಿನ ಯಾವುದೂ ಓಡದಷ್ಟು ಓಡಿತು. ಜನ ಮೊದಲು ನಕ್ಕರು. ಆಮೇಲೆ ಬರೆಯತೊಡಗಿದರು — ಗಂಡ ಸತ್ತವಳ ಹೊಟ್ಟೆಕಿಚ್ಚು, ಇಂಥವರನ್ನು ಮಂಟಪದ ಹತ್ತಿರ ಯಾಕೆ ಬಿಟ್ಟರು... ನಾನು ಒಂದೊಂದನ್ನೂ ಓದಿದೆ. ಒಂದನ್ನೂ ಅಳಿಸಲಿಲ್ಲ.

ಗಿರಿಜಕ್ಕನನ್ನು ದಂಡೆ ಮುಡಿಸಲು ಕರೆಯುವುದು ನಿಂತಿತು. ಶಾಲಿನಿ ಗರ್ಭಿಣಿಯಾದಾಗ ಗಂಡನ ಮನೆಯವರು ಬಯಕೆ ಊಟಕ್ಕೆ ಹಟ್ಟಿಕೇರಿಯಿಂದ ಅವಳ ಅಪ್ಪನನ್ನು ಮಾತ್ರ ಕರೆದರಂತೆ. ಅದರ ಹಿಂದಿನ ದಿನ ಗಿರಿಜಕ್ಕ ನನ್ನ ಸ್ಟುಡಿಯೋಕ್ಕೆ ಬಂದರು. ಬೈಯಲು ಬಂದಿದ್ದಾರೆ ಎಂದುಕೊಂಡೆ. ಅವರು ಕುರ್ಚಿಯ ತುದಿಯಲ್ಲಿ ಕೂತು ಮೆಲ್ಲಗೆ ಕೇಳಿದರು:

"ತಮಾ, ಅವತ್ತು ನೀ ಆಚೆ ಬದಿ ತಿರ್ಗಿದ್ದೆ, ನಿಂಗೆ ಕಾಣ್ಲಿಲ್ಲ. ನಿನ್ನ ತಪ್ಪು ಹೇಳೂಕೆ ಬಂದದ್ದಲ್ಲ. ಆದ್ರೆ ಕ್ಯಾಮೆರಾ ನೋಡಿರ್ತದಲ್ಲ. ಪೂರಾ ವಿಡಿಯೋ ಅದ್ಯಾ ನಿನ್ ಹತ್ರ? ಶಾಲಿನಿ ಅತ್ತೆಗೆ ಒಂದ್ಸಲ ತೋರ್ಸಿದ್ರೆ ಸಾಕಾಗಿತ್ತು."

ಹಾರ್ಡ್ ಡಿಸ್ಕ್ ಅವರ ಮೊಣಕೈಯ ಪಕ್ಕದಲ್ಲೇ ಇತ್ತು.

"ಹಳೇದೆಲ್ಲ ಅಳಿಸಿ ಹೋಗ್ಯದೆ, ಗಿರಿಜಕ್ಕ" ಎಂದೆ.

"ಹೌದಾ" ಎಂದರು. ಎದ್ದು ಹೋಗುವಾಗ, "ಹೋಗ್ಲಿ ಬಿಡು, ನೀ ಮನ್ಸಿಗೆ ಹಚ್ಕೊಳ್ಬೇಡ" ಎಂದು ನನಗೇ ಸಮಾಧಾನ ಹೇಳಿದರು. ನಾನು — ನಾನು ಬಾಗಿಲ ತನಕ ಹೋಗಿ ಬೀಳ್ಕೊಟ್ಟೆ.

ಹೋದ ವರ್ಷ ಗಿರಿಜಕ್ಕ ತೀರಿಕೊಂಡರು. ಜ್ವರ ಬಂದು ನಾಲ್ಕು ದಿನ ಮಲಗಿದ್ದರು, ಅಷ್ಟೇ. ನಾನು ಹೋಗಿದ್ದೆ. ಶಾಲಿನಿ ಮಗುವನ್ನು ಎತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದಳು, ಅಳುತ್ತಿರಲಿಲ್ಲ. ಯಾರೋ ಹೆಂಗಸರು ಹಿಂದಿನಿಂದ, "ಸಾಕಿದ್ದು ಹೌದು, ಆದ್ರೆ ಮದ್ವೆ ದಿನ ಹಂಗೆ ಮಾಡಬಾರದಾಗಿತ್ತು" ಎಂದರು. ಹೆಣದ ಮುಂದೆಯೂ ನನ್ನ ವಿಡಿಯೋದ್ದೇ ಮಾತು.

ಹದಿಮೂರನೆಯ ದಿನ ಕಳೆದ ಮೇಲೆ ಶಾಲಿನಿ ಹಟ್ಟಿಕೇರಿಯಲ್ಲೇ ಇದ್ದಾಳೆಂದು ತಿಳಿದು ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಕತ್ತರಿಸದ ಅಡ್ಡ ವಿಡಿಯೋವನ್ನು ಅವಳ ಮುಂದಿಟ್ಟೆ. ಒಂದು ಸಲ ನೋಡಿದಳು. ಎರಡನೆಯ ಸಲ ಅವಳೇ ಒತ್ತಿದಳು. ಆಮೇಲೆ ಪರದೆಯ ಮೇಲಿದ್ದ ದೊಡ್ಡಾಯಿಯ ಮುಖದ ಮೇಲೆ ಬೆರಳಿಟ್ಟು ಕೇಳಿದಳು:

"ಅವ್ಳು ಇದ್ದಾಗ ಇದು ಎಲ್ಲಿತ್ತು?"

"ನನ್ನ ಹತ್ರನೇ ಇತ್ತು."

"ನಾನೂ ಅವ್ಳಿಗೆ ಫೋನ್ ಮಾಡೂದು ಬಿಟ್ಟಿದ್ದೆ" ಎಂದಳು. ಆಗ ಅತ್ತಳು.

ನಿಜ ಸಂಗತಿ ತಿಳಿಸುವ ಹೊಸ ವಿಡಿಯೋ ಮಾಡಿ ಹಾಕುತ್ತೇನೆ, ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ ಎಂದೆ. ಅವಳು ತಲೆ ಎತ್ತಿ ನೋಡಿದಳು. "ಬೇಡ. ಅವ್ಳನ್ನ ಮತ್ತೆ ಜನ್ರ ಫೋನಿಗೆ ಹಾಕ್ಬೇಡಿ. ನಮ್ಮತ್ತೆ ಹತ್ರ ಹೋಗಿ, ನಿಮ್ಮ ಬಾಯಿಂದ ಹೇಳಿ."

ನನ್ನ ಪೇಜಿನಿಂದ ಆ ರೀಲನ್ನು ಅವತ್ತೇ ತೆಗೆದೆ. ತೆಗೆದು ಏನು ಬಂತು? ಇಳಿಸಿಕೊಂಡವರು ಇಳಿಸಿಕೊಂಡಿದ್ದಾರೆ, ಬೇರೆ ಬೇರೆ ಹೆಸರಿನ ಪೇಜುಗಳಲ್ಲಿ ಈಗಲೂ ಓಡುತ್ತಿದೆ. ಕಂಡಲ್ಲೆಲ್ಲ ಕೆಳಗೆ ನಿಜ ಬರೆಯುತ್ತೇನೆ. ಓದಿದವರು ನಗುವ ಮುಖದ ಇಮೋಜಿ ಹಾಕಿ ಮುಂದೆ ಹೋಗುತ್ತಾರೆ.

ಕಾರವಾರದ ಮನೆಗೆ ಹೋಗುವ ಧೈರ್ಯ ಬರಲು ತಿಂಗಳುಗಳೇ ಹಿಡಿದವು. ಕಳೆದ ಭಾನುವಾರ ಹೋದೆ. ಶಾಲಿನಿಯ ಅತ್ತೆ ಜಗಲಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಮರಳಿನ ಚೀಲದಿಂದ ಹಿಡಿದು ಹಾರ್ಡ್ ಡಿಸ್ಕಿನ ತನಕ ಎಲ್ಲವನ್ನೂ ಹೇಳಿದೆ. ಅವರ ಕೈ ನಿಂತಿತು. ಬೈಯಲಿಲ್ಲ, ಒಳಗೆ ಬನ್ನಿ ಎನ್ನಲೂ ಇಲ್ಲ. ಬಟಾಣಿಯ ಬುಟ್ಟಿ ಪಕ್ಕಕ್ಕಿಟ್ಟು ಹೇಳಿದರು:

"ಬಯಕೆ ಊಟದ ದಿವ್ಸ ಗಿರಿಜಕ್ಕ ಬಂದಿದ್ರು. ಹಿತ್ತಲ ಬಾಗ್ಲಿಗೆ. ಶಾಲಿನಿಗೆ ಹೇಳ್ಲಿಲ್ಲ ನಾನು. ಕೈಯಲ್ಲಿ ದಂಡೆ ಇತ್ತು. ಲೈಟು ಬೀಳ್ತಿತ್ತು ಅಂತ ಇದೇ ಮಾತು ಅವ್ರೂ ಹೇಳಿದ್ರು. ನಾನು ಫೋನ್ ತೆಗ್ದು ನಿಮ್ಮ ವಿಡಿಯೋ ಅವ್ರಿಗೇ ತೋರ್ಸಿದೆ. ನಿಂತ್ಕೊಂಡು ಪೂರಾ ನೋಡಿದ್ರು, ಪಾಪ. 'ಹೌದು, ಇದ್ರಲ್ಲಿ ಹಂಗೇ ಕಾಣ್ತದೆ' ಅಂದ್ರು. ಅಷ್ಟು ಹೇಳಿ ಹೋದ್ರು."