ಮಹಾಲಿಂಗ ಕಾಕಾ ಬರೆದ ಉತ್ತರ

ಬಂದ ಕಾಗದಕ್ಕೆ ಅಂದೇ ಉತ್ತರ ಹೋಗಬೇಕೆಂದು ಹಟ ಹಿಡಿಯುವವರು ಪುಣೆಯ ಸದಾಶಿವ ಪೇಠದ, ಹತ್ತಾರು ಮನೆಗಳ ನಮ್ಮ ವಾಡೆಯಲ್ಲಿ ಮಹಾಲಿಂಗ ಕಾಕಾ ಒಬ್ಬರೇ. ಶಿವಾಜಿನಗರದ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಕೂದಲು ಹಣ್ಣಾಗುವ ತನಕ ಕೆಲಸ ಮಾಡಿದವರು. ಒಂದು ಕಾಗದವೂ ಅವರ ಮೇಜಿನ ಮೇಲೆ ಬಾಕಿ ಉಳಿದಿಲ್ಲವಂತೆ. ಒಳ್ಳೆಯ ಗುಣವೇ ಇರಬಹುದು. ನನಗಂತೂ ಈಗ ಅದನ್ನು ಕೇಳಿದರೆ ಮೈ ಉರಿಯುತ್ತದೆ.

ನಿವೃತ್ತರಾದ ಮೇಲೆ ಕಾಕಾ ಪುಣೆಯ ಕನ್ನಡ ಮನೆಗಳಿಗೆ ವಧು-ವರರನ್ನು ಹೊಂದಿಸುವ ಕೆಲಸ ಹಚ್ಚಿಕೊಂಡರು. ಹುಡುಗಿಯ ಮನೆಯವರು ಹೂಂ ಅನ್ನದೆ ಅವಳ ಫೋಟೋ ಯಾರಿಗೂ ತೋರಿಸುತ್ತಿರಲಿಲ್ಲ. ಅದಕ್ಕೇ ಬೇರೆಲ್ಲೂ ಫೋಟೋ ಕೊಡದವರು ಇವರಿಗೆ ಕೊಡುತ್ತಿದ್ದರು. ೨೦೦೭ರ ಸುಮಾರಿಗೆ ಸೊಲ್ಲಾಪುರ, ಗುಲ್ಬರ್ಗಾದಿಂದಲೂ ಕೇಳಿಕೆ ಬರತೊಡಗಿದಾಗ ಅವರಿಗೆ ಇಮೇಲ್ ತೆರೆದುಕೊಟ್ಟವಳು ನಾನು, ಕೆಳಗಿನ ಮನೆಯ ಶೀತಲ್. ಯೆರವಡಾದ ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ ನನ್ನದು. ಫೋಟೋಗಳೆಲ್ಲ ಆ ಮೇಲ್‌ನಲ್ಲಿ ಸೇರಿದವು. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ ಎಂದು ಬಾಯಿ ನೋಯುವಷ್ಟು ಹೇಳಿದ್ದೆ.

ಒಂದು ಸೋಮವಾರ ಸಂಜೆ ಕಾಕಾ ನನ್ನನ್ನು ಮೇಲಕ್ಕೆ ಕರೆದರು. ಮೇಲ್ ತೆರೆಯುತ್ತಿರಲಿಲ್ಲ.

"ಯಾವಾಗಿಂದ್ರಿ?"

"ನಿನ್ನೆಯಿಂದ. ಮೇಲ್ ಕಂಪನಿಯವ್ರು ಪತ್ರ ಬರದಿದ್ರವಾ. ಪಾಸ್‌ವರ್ಡ್ ಕಳಸ್ರಿ, ಇಲ್ಲಾಂದ್ರ ಖಾತೆ ಬಂದ್ ಮಾಡ್ತೀವಿ ಅಂತ. ಶನಿವಾರ ಮುಂಜಾನೆ ಕಳಿಸಿದೆ. ಮುಟ್ಟಿದ್ದಕ್ಕ ರಸೀದಿ ಬರಲಿಲ್ಲ. ಅದಕ್ಕ ಸಂಜೀಕ ಇನ್ನೊಂದು ಪತ್ರ ಬರದೆ."

"ಅದರಾಗೂ ಪಾಸ್‌ವರ್ಡ್ ಬರದ್ರೇನು?"

"ಹಿಂದಿನ ಪತ್ರದ ನಕಲು ಹಚ್ಚಬೇಕಲ್ಲ."

ರವಿವಾರ ಮೇಲ್ ತೆರೆಯದಿದ್ದಾಗ, ಕಂಪನಿಯವರಿಗೂ ರಜೆ ಇರಬೇಕೆಂದು ಸುಮ್ಮನೆ ಕೂತರಂತೆ. ನಾನು ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ಆ ಪತ್ರದ ಪ್ರಿಂಟ್ ತೆಗೆದು ಜೋಪಾನವಾಗಿ ಇಟ್ಟಿದ್ದರು. ನಾನು ಅದರ ಮೇಲೆ ಬೆರಳಿಟ್ಟು ತೋರಿಸಿದೆ. "ನೋಡ್ರಿ ಕಾಕಾ, ನಿಮ್ಮ ಹೆಸರು ಎಲ್ಲೂ ಇಲ್ಲ, ಬರೇ ಗ್ರಾಹಕರೇ ಅಂತ ಅದ. ಕಳಿಸಿದವರ ವಿಳಾಸದಾಗ ಕಂಪನಿ ಹೆಸರಿಗೆ ಏನೇನೋ ಬಾಲ ಹಚ್ಯಾರ. ಖರೇ ಕಂಪನಿ ಎಂದೂ ಪಾಸ್‌ವರ್ಡ್ ಕೇಳೂದಿಲ್ರಿ."

"ಮ್ಯಾಲ ಅವರ ಮುದ್ರಿ ಇತ್ತಲ್ಲವಾ," ಎಂದು ಕಾಕಾ ಬಣ್ಣದ ಗುರುತನ್ನು ತೋರಿಸಿದರು.

ಸಹಿ ಇಲ್ಲದ, ರವಾನೆಯ ಜಾವಕ ಸಂಖ್ಯೆ ಇಲ್ಲದ ಕಾಗದವನ್ನು ಕಚೇರಿಯಲ್ಲಿ ಮುಲಾಜಿಲ್ಲದೆ ಹಿಂದಕ್ಕೆ ಕಳಿಸುತ್ತಿದ್ದ ಮನುಷ್ಯ ಇವರೇ. ಇಲ್ಲಿ 'ಕೊನೆಯ ಸೂಚನೆ' ಎಂದು ಓದಿದ್ದೇ ತಡ, ಗಡಿಬಿಡಿಯಲ್ಲಿ ಎಲ್ಲವನ್ನೂ ಒಪ್ಪಿಸಿಬಿಟ್ಟರು. ಕಳಿಸಿದ ಗಳಿಗೆಯಲ್ಲಿ ನನ್ನನ್ನು ಕೂಗಿದ್ದರೆ ಪಾಸ್‌ವರ್ಡ್ ಬದಲಿಸಬಹುದಿತ್ತು. ಈಗ ಅದನ್ನು ಕಳ್ಳರೇ ಬದಲಿಸಿಬಿಟ್ಟಿದ್ದರು. ನಿಜವಾದ ಕಂಪನಿಗೆ ದೂರು ಬರೆದೆ. ಉತ್ತರ ಎಂದು ಬರುತ್ತದೋ ದೇವರೇ ಬಲ್ಲ.

ಬಳಿಕ ನನ್ನ ಮೇಲ್ ತೆರೆದೆ. ಅಲ್ಲಿ ಕಾಕಾ ಹೆಸರಿನಿಂದಲೇ ಒಂದು ಪತ್ರ ಬಂದಿತ್ತು, ನನ್ನ ಪಾಸ್‌ವರ್ಡ್ ಕೇಳಿ. ಅವರ ಮೇಲ್‌ನಲ್ಲಿ ವಿಳಾಸವಿದ್ದ ಎಲ್ಲರಿಗೂ ಅದೇ ಹೋಗಿತ್ತು.

"ಹುಡುಗ್ಯಾರ ಫೋಟೋ?" ಎಂದರು ಕಾಕಾ.

"ಅವರ ಕೈಯಾಗ ಅದಾವ್ರಿ. ಈಗ ಪತ್ರ ಗಿತ್ರ ಬ್ಯಾಡ, ಎಲ್ಲಾರ ಮನಿಗೂ ಫೋನ್ ಹಚ್ರಿ."

ಮೊದಲ ಫೋನ್ ಕೃಷ್ಣಾಬಾಯಿಗೆ. ಅವರ ಮಗಳು ಕುಸುಮಳ ಫೋಟೋವನ್ನು ಕಾಕಾ ಎಷ್ಟು ಕಾಡಿ ಬೇಡಿ ಪಡೆದಿದ್ದರೆಂದು ನನಗೆ ಗೊತ್ತು. ಕಾಕಾ ಮುಚ್ಚುಮರೆ ಮಾಡದೆ ಎಲ್ಲ ಹೇಳಿದರು. ಆ ಕಡೆಯ ಮಾತು ನನಗೂ ಕೇಳಿಸುತ್ತಿತ್ತು.

"ಅಯ್ಯ ಅಣ್ಣಾರ, ಕುಸುಮಾ ನಿನ್ನೆನೇ ತನ್ನ ಪಾಸ್‌ವರ್ಡ್ ಕಳಿಸ್ಯಾಳಲ್ರಿ. ಯಾಕ ಅಂತ ನಾ ಕೇಳಿದೆ. ಮಹಾಲಿಂಗ ಕಾಕಾ ಕೇಳ್ಯಾರ, ಇಲ್ಲ ಅನ್ನೂದು ಹ್ಯಾಂಗ ಅಂದ್ಲು."

ಕಾಕಾ ಫೋನ್ ಕೆಳಗಿಟ್ಟರು. ಬಯ್ಯಬೇಕೆಂದಿದ್ದನ್ನು ಬಿಟ್ಟು ನಾನು ಮುಂದಿನ ಮನೆಯ ನಂಬರ್ ಹುಡುಕಿ ಕೊಟ್ಟೆ. ಅವರು ಅದನ್ನು ಒತ್ತಿದರು.

"ನಾ ಮಹಾಲಿಂಗ ಮಾತಾಡ್ಲಿಕ್ಕತ್ತೀನ್ರಿ. ಇನ್ನ ಮ್ಯಾಲ ನನ್ನ ಹೆಸರ್ಲೆ ಏನು ಕೇಳಿದ್ರೂ ಕೊಡಬ್ಯಾಡ್ರಿ."