ಅಕ್ಕಿಯಲ್ಲಿ ಬರೆದ ಆಲೆಫ್

ಆಗಸ್ಟ್ ತಿಂಗಳ ಭಾನುವಾರ. ಮೆಲ್ಬರ್ನ್‌ಗೆ ಇನ್ನೂ ಬೆಳಕು ಹರಿದಿಲ್ಲ. ಕ್ಲೇಟನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಮೇಲೆ, ಚೂಡಿದಾರದ ಮೇಲೆ ದಪ್ಪ ಜಾಕೆಟ್ ತೊಟ್ಟು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡ ಹೆಂಗಸೊಬ್ಬರು ತರಕಾರಿ ತರುವ ಟ್ರಾಲಿ ಬ್ಯಾಗು ಹಿಡಿದು ನಿಂತಿದ್ದಾರೆ. ಬ್ಯಾಗಿನಲ್ಲಿ ತರಕಾರಿ ಇಲ್ಲ. ಮರದಲ್ಲಿ ಕೊರೆದ ಹೀಬ್ರೂ ಅಕ್ಷರಗಳಿವೆ, ಒಂದು ಜೇನಿನ ಬಾಟಲಿ ಇದೆ, ಚಿಕ್ಕ ಮಕ್ಕಳ ಕೈ ಒರೆಸಲು ಮಡಚಿಟ್ಟ ಹಳೆಯ ಪಂಚೆಯ ತುಂಡುಗಳಿವೆ.

"ಪಾಯಿಂಟ್ ಕುಕ್‌ನಿಂದ ಇಷ್ಟು ಲಗೂನ ಬಂದ್ರೇನ್ರಿ? ಚಾ ಕುಡದೀರೋ ಇಲ್ಲೋ?" ಎಂದು, ನಗರದ ಇನ್ನೊಂದು ತುದಿಯಿಂದ ಬಂದ ನನ್ನನ್ನು ಕೇಳುತ್ತಾ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ. ಅಪ್ಪಟ ಹುಬ್ಬಳ್ಳಿ ಕನ್ನಡ. ಇವರು ಸಿಪೋರಾ ಆಪ್ಟೇಕರ್. ಹುಟ್ಟಿನಿಂದ ಯಹೂದಿ. ವಾರವಿಡೀ ಕ್ಲೇಟನ್ನಿನ ಚೈಲ್ಡ್‌ಕೇರ್ ಒಂದರಲ್ಲಿ ಕೂಸುಗಳನ್ನು ನೋಡಿಕೊಳ್ಳುತ್ತಾರೆ. ಭಾನುವಾರ ಬೆಳಿಗ್ಗೆ ನಗರದ ಇನ್ನೊಂದು ಸಬರ್ಬ್‌ನ ಸಿನಗಾಗ್‌ನಲ್ಲಿ, ಅಂದರೆ ಯಹೂದಿಯರ ಪ್ರಾರ್ಥನಾ ಮಂದಿರದಲ್ಲಿ, ಐದಾರು ವರ್ಷದ ಮಕ್ಕಳಿಗೆ ಅಕ್ಷರ, ಪ್ರಾರ್ಥನೆ, ಹಬ್ಬದ ಕತೆ ಕಲಿಸುತ್ತಾರೆ. ಸಂಬಳವಿಲ್ಲ. ಹದಿನೈದು ವರ್ಷದ ಮೇಲಾಯಿತು.

ಕಲಿಸುತ್ತಾರೆ ಎಂದೆ. ಕಲಿಸುತ್ತಿದ್ದರು ಎನ್ನಬೇಕಿತ್ತು. ಈ ಏಪ್ರಿಲ್‌ನಿಂದ ಅವರ ತರಗತಿಯಲ್ಲಿ ಅವರೇ ಸಹಾಯಕಿ. ಕುರ್ಚಿ ಜೋಡಿಸುವುದು, ಮೂಗು ಒರೆಸುವುದು, ಟಾಯ್ಲೆಟ್ಟಿಗೆ ಕರೆದೊಯ್ಯುವುದು. ಕಾರಣ ಕೇಳಿದರೆ ನೀವು ನಗುತ್ತೀರಿ, ಆಮೇಲೆ ಸಿಟ್ಟಾಗುತ್ತೀರಿ. ನಾನು ನೇರ ಸಿಟ್ಟಿಗೇ ಹೋದೆ, ಇದನ್ನು ಬರೆಯುವಾಗಲೂ ಅದು ಇಳಿದಿಲ್ಲ.

ರೈಲಿನಲ್ಲಿ ಕೂತು ಅವರು ಬಾಲ್ಯದ ಕತೆ ಹೇಳುತ್ತಾರೆ. ಅವರದು ಬೆನೆ ಇಸ್ರೇಲ್ ಸಮುದಾಯ. ನೂರಾರು ವರ್ಷಗಳ ಹಿಂದೆಯೇ ಕೊಂಕಣ ಕರಾವಳಿಗೆ ಬಂದು ಎಣ್ಣೆ ಗಾಣ ಹಿಡಿದ ಯಹೂದಿಯರು. ಯಹೂದಿಯರ ವಿಶ್ರಾಂತಿಯ ದಿನವಾದ ಶನಿವಾರ ಗಾಣ ನಿಲ್ಲಿಸುತ್ತಿದ್ದರು ಎಂದು ಊರವರು ಅವರನ್ನು 'ಶನಿವಾರದ ಗಾಣಿಗರು' ಎನ್ನುತ್ತಿದ್ದರು. ಅಜ್ಜನ ಕಾಲಕ್ಕೆ ಗಾಣ ಬಿಟ್ಟು ರೈಲ್ವೆ ಸೇರಿದರು. ಅಪ್ಪ ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ಫಿಟರ್. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ದೇವರ ಮುಂದೆ ಹೀಬ್ರೂ.

"ಹುಬ್ಬಳ್ಯಾಗ ನಮ್ಮವರದು ಸಿನಗಾಗ್ ಎಲ್ಲಿ ಇತ್ರಿ? ಮೂರ್ನಾಕು ಮನಿ ಮಂದಿ ಅಷ್ಟ. ಕಲಸಾವ್ರು ಯಾರೂ ಇರಲಿಲ್ಲ. ಬಾಜೂ ಕ್ವಾರ್ಟರ್ಸ್‌ನ್ಯಾಗ ಚನ್ನಬಸವ್ವ ಕಾಕಿ ಅಂತ ಇದ್ದ್ಳು. ಒಂದಿನ ತನ್ನ ಮೊಮ್ಮಗನ ಕೈ ಹಿಡದು ಅಕ್ಕಿ ತಾಟಿನ್ಯಾಗ ಅಕ್ಷರ ಬರಸಾಕತ್ತಿದ್ದ್ಳು. ನಮ್ಮಪ್ಪ ಕಟ್ಟಿ ಮ್ಯಾಲೆ ಕುಂತು ನೋಡ್ಯಾನ. 'ಅಕ್ಕಾ, ಆ ತಾಟು ಒಂದೀಟು ನಮಗೂ ಕೊಡ್ರಿ' ಅಂದ. ನನ್ನ ಬೆರಳು ಹಿಡದು ಅದ ಅಕ್ಕ್ಯಾಗ ಆಲೆಫ್ ಬರಸಿದ."

ಆಲೆಫ್ ಎಂದರೆ ಹೀಬ್ರೂವಿನ ಮೊದಲ ಅಕ್ಷರ. ಓರೆಯಾಗಿ ಒಂದು ಗೀಟು, ಅದಕ್ಕೆ ಮೇಲೊಂದು ಕೈ, ಕೆಳಗೊಂದು ಕಾಲು. ಶನಿವಾರ ಬರೆಯುವುದು ನಿಷಿದ್ಧವಾದ್ದರಿಂದ ಅಪ್ಪನ ಪಾಠ ಪ್ರತಿ ಭಾನುವಾರ ನಡೆಯತೊಡಗಿತು. ತಾಟು ಮಾತ್ರ ಕಡೆತನಕ ಚನ್ನಬಸವ್ವ ಕಾಕಿಯ ಮನೆಯದೇ. ಪಾಠ ಮುಗಿದ ಮೇಲೆ ಆ ಅಕ್ಕಿಯಲ್ಲೇ ಅನ್ನ ಮಾಡಿ ಎರಡೂ ಮನೆಯ ಮಕ್ಕಳಿಗೆ ಬಡಿಸುತ್ತಿದ್ದರಂತೆ.

ಮದುವೆಯಾಗಿ ಮೊದಲು ಬಂದಿದ್ದು ಸಿಡ್ನಿಗೆ. ಅಲ್ಲಿ ಭಾರತದಿಂದ ಬಂದ ಯಹೂದಿ ಮನೆಗಳು ಒಂದಿಷ್ಟಿದ್ದವು. ಅವರ ಮಕ್ಕಳಿಗೆ ಸಿಪೋರಾ ತಮ್ಮ ಮನೆಯಲ್ಲೇ ಅಕ್ಕಿ ತಟ್ಟೆ ಇಟ್ಟುಕೊಂಡು ಪಾಠ ಶುರು ಮಾಡಿದರು. ಯಾರೂ ಹೌಹಾರಲಿಲ್ಲ. ಗಂಡನ ಕೆಲಸ ಮೆಲ್ಬರ್ನ್‌ಗೆ ಬದಲಾದಾಗ ತಟ್ಟೆಯೂ ಜೊತೆಗೆ ಬಂತು. ಗಂಡ ತೀರಿಕೊಂಡ ಮೇಲೆ ಭಾನುವಾರದ ಪಾಠವೇ ವಾರದ ಊರುಗೋಲು.

ಸಿನಗಾಗ್‌ನ ಗೇಟಿನ ಮುಂದೆ ಕಾಂಕ್ರೀಟ್ ಕಂಬಗಳು, ಕ್ಯಾಮೆರಾ, ಎರಡೆರಡು ಬಾಗಿಲು, ಅಂಗಿಯೊಳಗೆ ಗುಂಡು ತಡೆಯುವ ಕವಚ ತೊಟ್ಟ ಕಾವಲುಗಾರ. ಅ ಆ ಇ ಈ ಕಲಿಯಲು ಬರುವ ಐದು ವರ್ಷದ ಮಕ್ಕಳಿಗೆ ಇಷ್ಟು ಕಾವಲು ಬೇಕಾಗಿದೆ ಎನ್ನುವುದೇ ನಾಚಿಕೆಗೇಡು. ಆ ನಾಚಿಕೆ ಸಿನಗಾಗ್‌ನದಲ್ಲ, ಮಕ್ಕಳನ್ನು ಹೆದರಿಸಿ ತಮ್ಮ ರಾಜಕೀಯ ಸಾಧಿಸುತ್ತೇವೆ ಎಂದುಕೊಂಡವರದು. ಕಳೆದ ವರ್ಷ ಯಾರೋ ರಾತ್ರೋರಾತ್ರಿ ಈ ಗೋಡೆಯ ಮೇಲೆ ಹೊಲಸು ಬರೆದು ಹೋಗಿದ್ದರು. ಬೆಳಿಗ್ಗೆ ಮೊದಲು ಬಂದ ಸಿಪೋರಾ, ಮಕ್ಕಳು ಬರುವುದರೊಳಗೆ ಬಕೆಟ್ಟು ಬ್ರಷ್ಷು ಹಿಡಿದು ಕೈಗೆಟುಕುವಷ್ಟನ್ನು ಉಜ್ಜಿ ತೆಗೆದಿದ್ದರು. ಉಳಿದದ್ದರ ಮೇಲೆ ಮಕ್ಕಳು ಬರೆದ ಹಬ್ಬದ ಚಿತ್ರಗಳನ್ನು ಅಂಟಿಸಿದ್ದರು.

ಅಂಥವರನ್ನು ಇವತ್ತು ಗೇಟಿನ ಹೊಸ ಕಾವಲುಗಾರ ತಡೆಯುತ್ತಾನೆ. "ಕ್ಲೀನಿಂಗ್ ಸೋಮವಾರ ಅಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾನೆ. ಅವನು ಕೇಳಿದ್ದು ಸಭ್ಯವಾಗಿಯೇ. ಹಾಗಾಗಿ ಇನ್ನಷ್ಟು ಮೈ ಉರಿಯುತ್ತದೆ. ಸಿಪೋರಾ ಗುರುತಿನ ಚೀಟಿ ತೋರಿಸಿ, ಗುಡ್ ಮಾರ್ನಿಂಗ್ ಹೇಳಿ ಒಳಗೆ ನಡೆಯುತ್ತಾರೆ.

"ಹೊಸಬ್ರು ಬಂದಾಗೊಮ್ಮೆ ಇದ ಹಾಡು. ಒಳಗಿನವರು ಇನ್ನೊಂದು ಕೇಳ್ತಾರ, 'ನೀವು ಯಾವಾಗ ನಮ್ಮ ಧರ್ಮಕ್ಕ ಸೇರಿದ್ರಿ?' ಅಂತ. ನಾ ಅಂತೀನಿ, 'ನಿಮ್ಮ ಮುತ್ಯಾ ಸೇರಿದ ದಿನಾನ, ಕೂಡೇ ಬಂದ್ವಿ' ಅಂತ. ನಮ್ಮ ಕನ್ನಡ ಮಂದೀನೂ ಕಡಿಮಿ ಇಲ್ರಿ. ಬಾಕ್ಸ್ ಹಿಲ್‌ನ್ಯಾಗ ಯುಗಾದಿ ಫಂಕ್ಷನ್‌ಗೆ ಹೋದ್ರ, ಮೈಕ್ ಹಿಡದಾವ ನನ್ನ 'ನಮ್ಮ ಕ್ರಿಶ್ಚಿಯನ್ ಸಿಸ್ಟರ್' ಅಂದ. ಚಪ್ಪಾಳಿ ಏನು, ಗದ್ದಲ ಏನು!" ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅಂಕಲ್ ಆಂಟಿ ಎಂದು ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ನಮಗೆ, ಎದುರಿಗೆ ನಿಂತವರು ಯಾರು ಎಂದು ಕೇಳುವಷ್ಟು ಪುರುಸೊತ್ತಿಲ್ಲ.

ಈಗ ಏಪ್ರಿಲ್‌ನ ಕತೆ. ಯಹೂದಿಯರ ದೊಡ್ಡ ಹಬ್ಬ ಪೆಸಾಹ್. ಆ ವಾರ ಹುಳಿಹಿಟ್ಟಿನಿಂದ ಮಾಡಿದ ಯಾವುದನ್ನೂ ತಿನ್ನುವಂತಿಲ್ಲ. ಮನೆ, ಅಡುಗೆಮನೆ, ಸಿನಗಾಗ್ ಎಲ್ಲವನ್ನೂ ಬ್ರೆಡ್ಡಿನ ಒಂದು ಚೂರೂ ಉಳಿಯದಂತೆ ಗುಡಿಸಿ ತೊಳೆಯುತ್ತಾರೆ. ಯುರೋಪಿನ ಮೂಲದ ಯಹೂದಿಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ ವಾರ ಅನ್ನವನ್ನೂ ಬಿಡುತ್ತಾರೆ. ಭಾರತದ ಯಹೂದಿಯರು ಬಿಡುವುದಿಲ್ಲ. ಅವರ ಹಬ್ಬದೂಟದಲ್ಲಿ ಅನ್ನ ಇರಲೇಬೇಕು.

ಹಬ್ಬಕ್ಕೆ ಮುಂಚಿನ ಭಾನುವಾರ ತರಗತಿಯ ಕೋಣೆಗೆ ಬಣ್ಣ ಹೊಡೆಯುತ್ತಿದ್ದರು. ಸಿಪೋರಾ ಮಕ್ಕಳನ್ನು ದೊಡ್ಡ ಹಾಲ್‌ಗೆ ಕರೆದೊಯ್ದರು. ಪೆನ್ಸಿಲ್ ಹಿಡಿಯಲು ಒಲ್ಲೆ ಎನ್ನುವ ಇಬ್ಬರು ಮಕ್ಕಳಿದ್ದರು. ಮಾಮೂಲಿನಂತೆ ತಟ್ಟೆ ತೆಗೆದರು, ಅಕ್ಕಿ ಹರಡಿದರು. ಮಕ್ಕಳು ಬರೆದರು, ನಕ್ಕರು, ಅಕ್ಕಿ ಎರಚಿದರು. ಆ ಹಾಲ್ ಹಿಂದಿನ ದಿನಗಳಲ್ಲಷ್ಟೇ ಹಬ್ಬಕ್ಕೆಂದು ತೊಳೆದಿಟ್ಟದ್ದು, ಅಲ್ಲೇ ಎಲ್ಲರ ಹಬ್ಬದೂಟ. ಅಕ್ಕಿ ಎಂದರೆ ಹಬ್ಬಕ್ಕೆ ಹೊರಗಿನದು ಎಂಬ ಯೋಚನೆಯೇ ಅವರ ತಲೆಗೆ ಬರಲಿಲ್ಲ. ಹೇಗೆ ಬಂದೀತು? ಅವರಿಗೆ ಪೆಸಾಹ್ ಎಂದರೇ ಅನ್ನದ ವಾಸನೆ.

ಮೇಜಿನ ಕೆಳಗೆ ಅಕ್ಕಿ ಕಾಳು ಕಂಡವರು ಫೋಟೊ ತೆಗೆದರು. ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸಂಜೆಯೊಳಗೆ ಕೋಲಾಹಲ. ಇಲ್ಲಿಯ ಧರ್ಮಗುರು ರಬ್ಬಿ ಯೋನಾ ಅವರನ್ನು ಕೇಳಿದರು. ಅವರದು ಸ್ಪಷ್ಟ ಉತ್ತರ: ಯುರೋಪಿನವರ ನಿಯಮದಲ್ಲೂ ಅಕ್ಕಿ ತಿನ್ನಬಾರದು ಅಷ್ಟೇ, ಮನೆಯಲ್ಲಿ ಇರಬಾರದು ಎಂದಿಲ್ಲ, ಮುಟ್ಟಬಾರದು ಎಂದಂತೂ ಇಲ್ಲವೇ ಇಲ್ಲ, ಮೇಲಾಗಿ ಹಬ್ಬ ಇನ್ನೂ ಶುರುವೇ ಆಗಿರಲಿಲ್ಲ, ಗುಡಿಸಿ, ಮುಗಿಯಿತು.

ಮುಗಿಯಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವೆ. ಇಲ್ಲಿ ದೇವರೂ ಕೊಟ್ಟ, ಪೂಜಾರಿಯೂ ಕೊಟ್ಟ, ಶಾಲೆಯ ಕಮಿಟಿ ಕೊಡಲಿಲ್ಲ. ಹಬ್ಬದ ನಿಯಮದ ದೂರು ಬಿದ್ದುಹೋದ ತಕ್ಷಣ ಇನ್ನೊಂದು ಎದ್ದಿತು. ಅಕ್ಕಿಯಲ್ಲಿ ಬರೆಸುವುದು ಹಿಂದೂ ಪದ್ಧತಿಯಂತೆ, ಯಹೂದಿ ಶಾಲೆಯಲ್ಲಿ ಅದಕ್ಕೇನು ಕೆಲಸ ಅಂತೆ. ಇದೇ ಶಾಲೆಯಲ್ಲಿ ಹೊಸ ಅಕ್ಷರ ಕಲಿಸುವ ದಿನ ಅದರ ಮೇಲೆ ಜೇನು ಸವರಿ ಮಕ್ಕಳಿಗೆ ನೆಕ್ಕಿಸುತ್ತಾರೆ, ವಿದ್ಯೆ ಸಿಹಿಯಾಗಲಿ ಎಂದು. ಯುರೋಪಿನಿಂದ ಬಂದ ಜೇನು ಪರಂಪರೆ, ಹುಬ್ಬಳ್ಳಿಯಿಂದ ಬಂದ ಅಕ್ಕಿ ಅನಾಚಾರ. ಈ ನ್ಯಾಯಕ್ಕೆ ನಾನು ಸುಮ್ಮನೆ ತಲೆಯಾಡಿಸಲಾರೆ.

ಕಮಿಟಿ ಸಿಪೋರಾ ಅವರನ್ನು ಸಹಾಯಕಿಯ ಜಾಗಕ್ಕೆ ಇಳಿಸಿತು, ತರಗತಿ ಸದ್ಯಕ್ಕೆ ಗ್ಯಾಬಿ ಎಂಬ ಯುವತಿಯ ಪಾಲಾಗಿದೆ. ಒಳ್ಳೆಯ ಹುಡುಗಿ. "ನಾನೂ ಇವರ ಹತ್ರಾನೇ ಆಲೆಫ್ ಕಲಿತವಳು. ಇವರು ನಿಂತಿರುವಾಗ ನಾನು ಟೀಚರ್ ಕುರ್ಚಿಯಲ್ಲಿ ಕೂರಲ್ಲ" ಎಂದು ನನ್ನೆದುರು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಹೇಳಿದಂತೆ ಕೂರುವುದೂ ಇಲ್ಲ. ಆ ಕುರ್ಚಿ ಮಕ್ಕಳ ಜಾಕೆಟ್ ಹಾಕಲು ಬಳಕೆಯಾಗುತ್ತಿದೆ.

ಎಂಟೂವರೆ ಸುಮಾರಿಗೆ ಕಾರಿಡಾರಿನಲ್ಲಿ ಬರ್ನಾರ್ಡ್ ಸಿಗುತ್ತಾರೆ. ಶಾಲೆಯ ಕಮಿಟಿಯ ಅಧ್ಯಕ್ಷರು, ಎಪ್ಪತ್ತು ದಾಟಿದವರು. ಕೆಟ್ಟವರಲ್ಲ. ಗೇಟಿನ ಕಾವಲಿಗೆ ಊರೆಲ್ಲ ಅಲೆದು ಹಣ ಎತ್ತಿದವರು ಅವರೇ. ಪೋಷಕರ ಬಾಯಿ ಮುಚ್ಚಿಸಬೇಕು, ಶಾಲೆ ಒಡೆಯಬಾರದು ಎಂಬುದು ಅವರ ಚಿಂತೆ. ಆದರೆ ಅದಕ್ಕೆ ಅವರು ಕಂಡುಕೊಂಡ ದಾರಿ ನೋಡಿ.

"ಜಿಪ್ಪಿ" ಎಂದು ಕರೆಯುತ್ತಾರೆ. ಸಿಪೋರಾ ಎನ್ನಲು ನಾಲಿಗೆ ಹೊರಳುವುದಿಲ್ಲವಂತೆ, ಅದು ತಮ್ಮದೇ ಧರ್ಮಗ್ರಂಥದಲ್ಲಿ ಬರುವ ಹೆಸರಾದರೂ! "ಎರಡೇ ಮಾತು. ಇವತ್ತು ಪೋಷಕರ ಸಭೆಯಲ್ಲಿ ಎದ್ದು ನಿಂತು, ಅದು ಯಹೂದಿ ಪದ್ಧತಿ ಅಲ್ಲ, ತಪ್ಪಾಯಿತು ಅಂದುಬಿಡಿ. ಮುಂದಿನ ಟರ್ಮ್‌ನಿಂದ ಕ್ಲಾಸು ನಿಮ್ಮದೇ. ಇಲ್ಲದಿದ್ದರೆ ನಾನು ಬೇರೆಯವರನ್ನು ಕಾಯಂ ಮಾಡಬೇಕಾಗುತ್ತೆ."

ಸಿಪೋರಾ ಕೈಯಲ್ಲಿದ್ದ ಕುರ್ಚಿ ಕೆಳಗಿಡುತ್ತಾರೆ. ಅವರ ಇಂಗ್ಲಿಷ್ ನಿಧಾನ, ಒಂದೊಂದು ಶಬ್ದವೂ ತೂಗಿಟ್ಟಂತೆ ಬರುತ್ತದೆ. "ಹಾಲ್ ಗಲೀಜಾಯಿತು, ಅದಕ್ಕೆ ಸಾರಿ. ನೂರು ಸಲ ಹೇಳ್ತೀನಿ. ನನ್ನ ಅಪ್ಪ ಯಹೂದಿ. ಅವನು ಮಗಳು ಟೋರಾ ಗ್ರಂಥ ಓದಲಿ ಅಂತ ಅಕ್ಕಿಯಲ್ಲಿ ಆಲೆಫ್ ಬರೆಸಿದ. ಅದು ಯಹೂದಿ ಪದ್ಧತಿ ಅಲ್ಲ ಅಂತ ನನ್ನ ಬಾಯಿಂದ ಹೇಳಿಸಬೇಡಿ, ಬರ್ನಾರ್ಡ್. ಕ್ಲಾಸು ಇಟ್ಟುಕೊಳ್ಳಿ."

ಬರ್ನಾರ್ಡ್ ಸಭೆಯ ಕೋಣೆಗೆ ಹೋಗುತ್ತಾರೆ. ಸಿಪೋರಾ ಕುರ್ಚಿಯನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ನಾನು ಇನ್ನೊಂದು ಕಡೆ ಹಿಡಿಯಲು ಹೋದರೆ ಬೇಡ ಎನ್ನುತ್ತಾರೆ.

"ಕ್ಲಾಸು ಹೋತಂತ ಬ್ಯಾಸರ ಇಲ್ಲಂದ್ರ ಸುಳ್ಳಾಕ್ಕತ್ರಿ" ಎನ್ನುತ್ತಾರೆ, ಮುಖ ಆಚೆ ತಿರುಗಿಸಿ. "ಮನ್ಯಾಗ ಯಾರದಾರ? ರವಿವಾರ ಈ ಹುಡುಗೂರನ್ನ ನೋಡಾಕಂತ ಉಳದ ದಿನ ಎಣಿಸ್ತೀನಿ. ಆದ್ರ ನಮ್ಮಪ್ಪನ್ನ ಸುಳ್ಳ ಮಾಡಿ ಆ ಕುರ್ಚ್ಯಾಗ ಕುಂತ್ರ, ಮಕ್ಕಳಿಗೆ ನಾ ಏನ್ ಕಲಸ್ಲಿ?"

ಮಕ್ಕಳು ಬರುತ್ತಾರೆ. ಬಂದವರೆಲ್ಲ ಮೊದಲು ಓಡುವುದು ಸಿಪೋರಾ ಹತ್ತಿರಕ್ಕೆ. ಗ್ಯಾಬಿ ಪಾಠ ಶುರು ಮಾಡುತ್ತಾಳೆ. ಈ ಟರ್ಮ್‌ಗೆ ಹೊಸದಾಗಿ ಸೇರಿದ ಟಾಲಿ ಎಂಬ ಪುಟ್ಟ ಹುಡುಗಿ ಪೆನ್ಸಿಲ್ ನೆಲಕ್ಕೆಸೆದು, ಮೂಲೆಯಲ್ಲಿ ಮೊಣಕಾಲಿಗೆ ಮುಖ ಒತ್ತಿಕೊಂಡು ಕೂತುಬಿಟ್ಟಿದ್ದಾಳೆ. ಸ್ಟಿಕ್ಕರ್ ತೋರಿಸಿದರೂ ಇಲ್ಲ, ಟ್ಯಾಬ್ಲೆಟ್ ತೋರಿಸಿದರೂ ಇಲ್ಲ. ಗ್ಯಾಬಿ ನಿಸ್ಸಹಾಯಕಳಾಗಿ ಸಿಪೋರಾ ಕಡೆ ನೋಡುತ್ತಾಳೆ.

ಸಿಪೋರಾ ಮೆಲ್ಲಗೆ ನೆಲದ ಮೇಲೆ ಕೂರುತ್ತಾರೆ. ಮೊಣಕಾಲು ಕಟಕ್ ಎನ್ನುತ್ತದೆ. ತಮ್ಮ ಎಡಗೈ ಬಿಚ್ಚಿ ಆ ಮಗುವಿನ ಮುಂದೆ ಚಾಚುತ್ತಾರೆ. ಟಾಲಿ ಒಂದು ಕಣ್ಣು ತೆರೆದು ನೋಡುತ್ತಾಳೆ. ಆಮೇಲೆ ಅವಳ ತೋರುಬೆರಳನ್ನು ಸಿಪೋರಾ ಹಿಡಿದು ತಮ್ಮ ಅಂಗೈ ಮೇಲೆ ಎಳೆಸುತ್ತಾರೆ. ಓರೆಯಾಗಿ ಒಂದು ಗೀಟು, ಮೇಲೊಂದು ಕೈ, ಕೆಳಗೊಂದು ಕಾಲು. ಕಚಗುಳಿಯಾದಂತೆ ನಟಿಸಿ ಕೈ ಹಿಂದೆ ಎಳೆದುಕೊಳ್ಳುತ್ತಾರೆ. ಟಾಲಿ ಕಿಸಕ್ಕನೆ ನಕ್ಕು, ಆ ಕೈಯನ್ನು ತಾನೇ ಎಳೆದುಕೊಂಡು, ಈ ಸಲ ಯಾರೂ ಬೆರಳು ಹಿಡಿಯದೆ, ಮತ್ತೊಮ್ಮೆ ಬರೆಯುತ್ತಾಳೆ. ಉಳಿದ ಮಕ್ಕಳು ಪೆನ್ಸಿಲ್ ಬಿಟ್ಟು ತಮಗೂ ಕೈ ಬೇಕೆಂದು ಸಾಲು ನಿಲ್ಲುತ್ತಾರೆ. ಗ್ಯಾಬಿ ತಾನೂ ನೆಲಕ್ಕೆ ಕೂತು ತನ್ನ ಅಂಗೈ ಬಿಚ್ಚುತ್ತಾಳೆ.

ಬಾಗಿಲಲ್ಲಿ ಬರ್ನಾರ್ಡ್ ನಿಂತಿದ್ದಾರೆ. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಒಳಗೆ ಬರುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ.

ಮಧ್ಯಾಹ್ನ ಸ್ಟೇಷನ್ನಿಗೆ ನಡೆಯುವಾಗ ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. "ದೊಡ್ಡದೇನಿಲ್ರಿ. ಒಂದ್ ರವಿವಾರ ಅದ ದೊಡ್ಡ ಹಾಲ್‌ನ್ಯಾಗ, ಎಲ್ಲಾರ ಮುಂದ ತಾಟು ಇಡಬೇಕು. ಬರದಾದ ಮ್ಯಾಲೆ ಆ ಅಕ್ಕಿ ಅನ್ನಾ ಮಾಡಿ ಎಲ್ಲಾ ಹುಡುಗೂರಿಗೂ ನೀಡಬೇಕು. ಬರ್ನಾರ್ಡಗೂ."

ತಟ್ಟೆಯನ್ನು ಇನ್ನು ಮನೆಯಲ್ಲೇ ಇಡುತ್ತೀರಾ ಎಂದೆ. ಅವರು ಟ್ರಾಲಿ ನಿಲ್ಲಿಸಿ, ಎಡಗೈ ಬಿಚ್ಚಿ ನೋಡಿಕೊಳ್ಳುತ್ತಾರೆ. ಪಾಠದ ಕೊನೆಗೆ ಮಕ್ಕಳು ನೆಕ್ಕಿದ ಜೇನು, ಯಾವುದೋ ಮಗುವಿನ ಬೆರಳಿನಿಂದ ತಗುಲಿ, ಇನ್ನೂ ಅಂಟಂಟಾಗಿದೆ.

"ಇಡ್ತೀನ್ರಿ. ತಾಟು ಬ್ಯಾಡಂದ್ರು, ಬಿಟ್ಟೆ. ಈ ಕೈ ಗೇಟಿನ್ಯಾಗ ಬಿಟ್ಟು ಒಳಗ ಬಾ ಅನ್ನಾಕ ಬರತೈತೇನು?"