ಲೈನ್ ಬಂದ ಮಧ್ಯಾಹ್ನ

ಇಂಗ್ಲಿಷಿನ ‘ಲೈನ್’ ನಮ್ಮ ಬಬಲೇಶ್ವರಕ್ಕೆ ಯಾವಾಗ ಬಂತೋ ಗೊತ್ತಿಲ್ಲ, ಬಂದದ್ದೇ ಮನೆಯವರಂತೆ ಕಾಲು ಚಾಚಿ ಕೂತುಬಿಟ್ಟಿದೆ. ರೇಷನ್ ಅಂಗಡಿಯ ಮುಂದೆ ನಿಲ್ಲುವುದೂ ಲೈನ್, ದ್ರಾಕ್ಷಿ ತೋಟದ ಸಾಲೂ ಲೈನ್. ವಿಜಯಪುರದ ಬಸ್ಸಿನಲ್ಲಿ ಕಾಲೇಜು ಹುಡುಗರು ಹುಡುಗಿಯರಿಗೆ ಹೊಡೆಯುವುದೂ ಅದೇ. ಟಿಕೋಟಾದ ನನ್ನ ತವರಿನಲ್ಲಿ ಅಪ್ಪ, “ಹುಡುಗ ಯಾವ ಲೈನದಾಗ ಅದಾನ್ರಿ?” ಎಂದು ಕೇಳಿದರೆ, ಸಂಬಂಧ ತಂದವರು “ಲೈನದಾಗ ಅದಾನ್ರಿ” ಎಂದರು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಒಳಗೆ ಚಹಾ ಸೋಸುತ್ತಿದ್ದ ನಾನೂ ನಕ್ಕೆ. ಹುಡುಗ ಲೈನ್‌ಮನ್ ಆಗಿದ್ದ. ಮದುವೆಯಾದ ಮೇಲೆ ಆ ಮಾತಿಗೆ ನನಗೆ ನಗು ಬರಲಿಲ್ಲ.

ನಮ್ಮ ಮಂದಿಗೆ ಕರೆಂಟೂ ಲೈನೇ. ಹೋದರೆ ಶಾಪ ಹಾಕುತ್ತಾರೆ, ಬಂದರೆ ಓಣಿಯೆಲ್ಲ ಕೂಗುತ್ತದೆ. ನನ್ನ ಗಂಡನ ಬಾಯಲ್ಲಿ “ಲೈನ್ ತಗೊಂಡೇನಿ” ಅಂದರೆ ಕರೆಂಟ್ ಬಂದ್ ಮಾಡಿಸಿದ್ದಾಯಿತು, ಇನ್ನು ಕಂಬದ ಕೆಲಸ. “ಲೈನ್ ಬಿಟ್ಟೇನಿ” ಅಂದರೆ ಕೆಲಸ ಮುಗಿಯಿತು, ಕರೆಂಟ್ ಕೊಡಬಹುದು. ಎರಡನ್ನೂ ಕಚೇರಿಗೆ ಹೇಳಿದ ಕೂಡಲೇ ನನಗೂ ಫೋನ್ ಮಾಡಬೇಕೆಂದು ಹಟ ಹಿಡಿದು ಒಪ್ಪಿಸಿದ್ದೆ.

ಹೋದ ಬೇಸಿಗೆಯಲ್ಲಿ ಗಾಳಿ ಎದ್ದು ನಿಡೋಣಿ ರಸ್ತೆಯಲ್ಲಿ ತಂತಿ ತುಂಡಾಯಿತು. “ಲೈನ್ ತಗೊಂಡೇನಿ” ಎಂಬ ಫೋನ್ ಬಂತು. ರೊಟ್ಟಿ ಬಡಿಯುತ್ತ ಎರಡನೆಯದಕ್ಕೆ ಕಾದೆ. ಅದು ಬರಲಿಲ್ಲ, ಫ್ಯಾನ್ ತಿರುಗಿತು. “ಲೈನ್ ಬಂತಲೇ!” ಎಂದು ಹೊರಗೆ ಯಾರೋ ಕೂಗಿದರು. ಬಡಿಯುತ್ತಿದ್ದ ರೊಟ್ಟಿ ಅಲ್ಲೇ ಬಿಟ್ಟೆ. ಫೋನ್ ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಆ ಗಾಳಿ ಮೈಗೆ ತಾಗುವುದೇ ಬೇಡವೆನಿಸಿ ಫ್ಯಾನ್ ಆರಿಸಿದೆ.

ಕೊನೆಗೆ ಅವರೇ ಮಾಡಿದರು. “ನಾ ಅರಾಮ ಅದೇನಿ, ಕೆಳಗಿದ್ದೆ. ಮ್ಯಾಲ ಆಂವಾ ಇದ್ದ.”

ಆಂವಾ ಎಂದರೆ ಅವರ ಜೊತೆ ಕೆಲಸ ಮಾಡುವವನು, ಹಿಂದಿನ ಓಣಿಯವನು. ದೇವರೇ, ನನಗೆ ಮೊದಲು ಆದದ್ದು ಸಂತೋಷ. ಹೊಟ್ಟೆಯೊಳಗಿಂದ ಉಕ್ಕಿ ಬಂದ ಸಂತೋಷ.

“ಲೈನ್ ಹೆಂಗ ಬಂತೋ ತಿಳೀವಲ್ದು. ದವಾಖಾನಿಗೆ ಒಯ್ಯಾಕತ್ತೇವಿ, ಉಸರಿಲ್ಲ. ಮತ್ಯಾರರ ಹೇಳೂದ್ರಾಗ ನೀ ಅವನ ಮನಿಗೆ ಹೋಗು,” ಎಂದರು.

ಹೋದೆ. ಬಾಗಿಲು ತೆರೆದೇ ಇತ್ತು. ಅವನ ಹೆಂಡತಿ ಮಿಕ್ಸರಿನಲ್ಲಿ ರೊಟ್ಟಿಗೆ ಶೇಂಗಾ ಹಿಂಡಿ ಮಾಡುತ್ತಿದ್ದಳು. ನನ್ನನ್ನು ಕಂಡು ಅದನ್ನು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು.

“ಬರ್ರಿ ಅಕ್ಕಾರ, ಕುಂಡ್ರಿ. ನಮ್ಮವರು ಲೈನ್ ಕೊಟ್ರು ನೋಡ್ರಿ.”